ಅಗಲಿದ ಜಾಝ್, ಸೋಲ್ ಸಂಗೀತಗಾರರ ನೆನಪಿಗೆ ಯಾವ ಧ್ವನಿಮುದ್ರಿಕೆಗಳನ್ನು ಕೇಳಿಸಬೇಕು?

ಪ್ರಶ್ನೆ: ಪೊನ್ನಂಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ಸೈನ್ಯದಿಂದ ನಿವೃತ್ತರಾಗಿ ಬಂದು ಕೊನೆಯವರೆಗೂ ಕಾಫಿ ತೋಟ ನೋಡಿಕೊಂಡಿದ್ದ ನಮ್ಮ ದೊಡ್ಡಪ್ಪ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರ ವಸ್ತುಗಳಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಬೀರು ತುಂಬ ಎಲ್‌ಪಿ ರೆಕಾರ್ಡುಗಳು, ಅವನ್ನು ನುಡಿಸುವ ಟರ್ನ್‌ಟೇಬಲ್ ಮತ್ತು ಒಂದು ಹಳೆಯ ಶಾರ್ಟ್‌ವೇವ್ ರೇಡಿಯೊ. ವಾಯ್ಸ್ ಆಫ್ ಅಮೆರಿಕಾದಲ್ಲಿ 1955ರಿಂದ ದಶಕಗಳ ಕಾಲ ಜಾಝ್ ಕಾರ್ಯಕ್ರಮ ನಡೆಸಿದ ವಿಲ್ಲಿಸ್ ಕೊನೋವರ್ ಅವರ ನಿಧಾನವಾದ, ಬಿಡಿಸಿ ಬಿಡಿಸಿ ಆಡುವ ಮಾತಿನಿಂದಲೇ ತಮಗೆ ಈ ಸಂಗೀತದ ರುಚಿ ಹತ್ತಿತೆಂದು ಅವರು ಹೇಳುತ್ತಿದ್ದರು.

ರೆಕಾರ್ಡುಗಳನ್ನು ಒಂದೊಂದಾಗಿ ತೆಗೆದು ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಕವರಿನ ಹಿಂಬದಿಯಲ್ಲಿ, ಅಚ್ಚಾದ ಹೆಸರುಗಳ ಪಕ್ಕದಲ್ಲಿ, ದೊಡ್ಡಪ್ಪ ಆ ಸಂಗೀತಗಾರರು ತೀರಿಕೊಂಡ ವರ್ಷವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಕವರಿನಲ್ಲಿ ಏಳು ಹೆಸರುಗಳಿಗೂ ವರ್ಷ ಬಿದ್ದಿದೆ: ಜಾನ್ ಕೋಲ್ಟ್ರೇನ್ 1967, ಪಾಲ್ ಚೇಂಬರ್ಸ್ 1969, ವಿಂಟನ್ ಕೆಲ್ಲಿ 1971, ಕ್ಯಾನನ್‌ಬಾಲ್ ಆಡರ್ಲಿ 1975, ಬಿಲ್ ಇವಾನ್ಸ್ 1980, ಮೈಲ್ಸ್ 1991. ಕೊನೆಯದಾದ ಡ್ರಮ್ಮರ್ ಜಿಮ್ಮಿ ಕಾಬ್ ಅವರ 2020 ಎಂಬ ಬರಹ ಮಾತ್ರ ನಡುಗುವ ಕೈಯಿಂದ ಮೂಡಿದೆ. ಕೆಲವು ಕವರುಗಳಲ್ಲಿ ತಿಂಗಳು, ತಾರೀಖು ಕೂಡ ಇದೆ. ಆಯಾ ದಿನ ಆಯಾ ರೆಕಾರ್ಡನ್ನು ಅವರು ತಪ್ಪದೆ ಹಾಕುತ್ತಿದ್ದರೆಂದು ದೊಡ್ಡಮ್ಮ ಹೇಳುತ್ತಾರೆ.

ಇದನ್ನು ಮುಂದುವರಿಸಬೇಕೆಂಬ ಆಸೆ ನನ್ನದು. ಜುಲೈ 17ರಂದು ಗಾಯಕಿ ಬಿಲ್ಲಿ ಹಾಲಿಡೇ ಮತ್ತು ಸ್ಯಾಕ್ಸೊಫೋನ್ ವಾದಕ ಕೋಲ್ಟ್ರೇನ್ ಇಬ್ಬರ ಪುಣ್ಯತಿಥಿಯೂ ಬರುತ್ತದೆ. ಒಬ್ಬರು 1959ರಲ್ಲಿ, ಇನ್ನೊಬ್ಬರು 1967ರಲ್ಲಿ ಅಗಲಿದವರು. ಅಂದು ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ನೆಂಟರು, ಅಕ್ಕಪಕ್ಕದ ತೋಟದವರು ಮತ್ತು ಒಂದಷ್ಟು ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ ಕೇಳಿಸಬೇಕೆಂದಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಈ ಸಂಗೀತವನ್ನು ಎಂದೂ ಕೇಳಿದವರಲ್ಲ. ಎಲ್ಲರಿಗೂ ಗೊತ್ತಿರುವ ಪ್ರಸಿದ್ಧ ಹಾಡುಗಳನ್ನೇ ಆರಿಸಬೇಕೇ? ಅವರು ಹೇಗೆ ತೀರಿಕೊಂಡರೆಂಬುದನ್ನು ಮೊದಲು ಹೇಳಬೇಕೇ, ಅಥವಾ ಸುಮ್ಮನೆ ಮುಳ್ಳು ಇಳಿಸಿಬಿಡಬೇಕೇ? ಅಲ್ಲದೆ, ಕೆಲವು ರೆಕಾರ್ಡುಗಳಿಗೆ ಬೂಷ್ಟು ಹಿಡಿದಿದೆ. ಅವನ್ನು ನುಡಿಸಬಹುದೇ ಎಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಮಡಿಕೇರಿಯಿಂದ

ತಂಗೀ, ನಿಮ್ಮ ದೊಡ್ಡಪ್ಪ ಮುಖ್ಯ ಕಲಾವಿದರ ಹೆಸರಿಗೆ ಮಾತ್ರವಲ್ಲದೆ ಪಕ್ಕವಾದ್ಯದವರ ಹೆಸರಿಗೂ ವರ್ಷ ಬರೆದಿದ್ದಾರೆಂಬುದನ್ನು ಓದಿ ನನಗೆ ಬಹಳ ಸಂತೋಷವಾಯಿತು. ನಿಮ್ಮ ಆಯ್ಕೆಗೂ ಅದೇ ದಾರಿ ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಜಾಝ್ ಸಂಗೀತಗಾರರು ತಮ್ಮ ನಡುವಿನಿಂದ ಹೋದವರನ್ನು ನುಡಿಸಿಯೇ ನೆನೆದವರು. ಆದ್ದರಿಂದ ಒಬ್ಬರ ನೆನಪಿಗೆ ಇನ್ನೊಬ್ಬರು ನುಡಿಸಿದ ಧ್ವನಿಮುದ್ರಿಕೆಗಳನ್ನು ಹುಡುಕಿಕೊಂಡು ಹೋದರೆ ನೀವು ಹೊಸದಾಗಿ ಏನನ್ನೂ ಜೋಡಿಸಬೇಕಾಗಿಲ್ಲ.

ಬಿಲ್ಲಿ ಹಾಲಿಡೇ ಅವರಿಂದಲೇ ಆರಂಭಿಸಿ. ಅವರ ಹೆಸರು ಬಂದ ಕೂಡಲೇ ಎಲ್ಲರೂ 1939ರ ‘ಸ್ಟ್ರೇಂಜ್ ಫ್ರೂಟ್’ ಹಾಕುತ್ತಾರೆ. ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಕ್ರೌರ್ಯವನ್ನು ಕುರಿತ ಆ ಹಾಡಿಗೆ ಬೇರೆಯೇ ಒಂದು ಸಂಜೆ ಬೇಕು. ಅದರ ಬೆನ್ನಿಗೆ ಬೇರಾವ ಹಾಡನ್ನೂ ಹಾಕಲು ನನಗಂತೂ ಮನಸ್ಸು ಬರುವುದಿಲ್ಲ. ನನ್ನ ಆಯ್ಕೆ 1957ರ ಡಿಸೆಂಬರ್ 8ರಂದು ಸಿಬಿಎಸ್ ದೂರದರ್ಶನದಲ್ಲಿ ಪ್ರಸಾರವಾದ ‘ಫೈನ್ ಅಂಡ್ ಮೆಲ್ಲೋ’. ಅದರ ಚಿತ್ರಿಕೆ ಈಗಲೂ ಸುಲಭವಾಗಿ ಸಿಗುತ್ತದೆ, ಆದ್ದರಿಂದ ಸಾಧ್ಯವಾದರೆ ಗೋಡೆಯ ಮೇಲೆ ತೋರಿಸಿ. ಬಿಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದಾರೆ, ಸುತ್ತಲೂ ಅರ್ಧವೃತ್ತವಾಗಿ ವಾದ್ಯಗಾರರಿದ್ದಾರೆ. ಮೊದಲು ಬೆನ್ ವೆಬ್‌ಸ್ಟರ್ ಸ್ಯಾಕ್ಸೊಫೋನ್ ನುಡಿಸುತ್ತಾರೆ. ಆಮೇಲೆ ಅನಾರೋಗ್ಯದಿಂದ ಬಳಲಿದ್ದ ಲೆಸ್ಟರ್ ಯಂಗ್ ಎದ್ದು ನಿಂತು ಅದೇ ವಾದ್ಯದಲ್ಲಿ ಬ್ಲೂಸ್‌ನ ಒಂದೇ ಒಂದು ಸುತ್ತು ನುಡಿಸುತ್ತಾರೆ. ಸ್ವರಗಳು ಬಹಳ ಕಡಿಮೆ, ಅವುಗಳ ನಡುವಿನ ಬಿಡುವೇ ಹೆಚ್ಚು. ಆಗ ಕ್ಯಾಮೆರಾ ಬಿಲ್ಲಿಯವರ ಮುಖದ ಮೇಲೆ ನಿಲ್ಲುತ್ತದೆ: ಮೆಲ್ಲಗೆ ತಲೆಯಾಡಿಸುತ್ತ, ತುಟಿ ಕಚ್ಚಿಕೊಂಡು, ಹಳೆಯ ಗೆಳೆಯನ ಪ್ರತಿ ಸ್ವರವನ್ನೂ ಅವರು ಮೊದಲೇ ಬಲ್ಲವರಂತೆ ಕೇಳುತ್ತಾರೆ. 1930ರ ದಶಕದಲ್ಲಿ ಜೊತೆಯಾಗಿ ಎಷ್ಟೋ ಧ್ವನಿಮುದ್ರಿಕೆ ಮಾಡಿ ಆಮೇಲೆ ದೂರವಾಗಿದ್ದ ಈ ಇಬ್ಬರೂ 1959ರಲ್ಲಿ ನಾಲ್ಕು ತಿಂಗಳ ಅಂತರದಲ್ಲಿ ಹೋದರು. ಲೆಸ್ಟರ್ ಮಾರ್ಚ್ 15ರಂದು, ಬಿಲ್ಲಿ ಜುಲೈ 17ರಂದು.

ಲೆಸ್ಟರ್ ತೀರಿಕೊಂಡ ಎರಡು ತಿಂಗಳೊಳಗೆ ಅವರ ನೆನಪಿಗೆಂದು ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ರಚಿಸಿ ಧ್ವನಿಮುದ್ರಿಸಿದರು. ಲೆಸ್ಟರ್ ಸದಾ ತೊಡುತ್ತಿದ್ದ ಅಗಲ ಅಂಚಿನ, ಚಪ್ಪಟೆ ನೆತ್ತಿಯ ಟೋಪಿಯಿಂದ ಆ ಹೆಸರು ಬಂದಿದೆ. ಬಿಲ್ಲಿಯವರ ಚಿತ್ರಿಕೆಯ ಬೆನ್ನಿಗೇ ಅದನ್ನು ಹಾಕಿ.

ಕೋಲ್ಟ್ರೇನ್ ಅವರಿಗೆ ‘ಎ ಲವ್ ಸುಪ್ರೀಮ್’ ಅಲ್ಲದೆ ಬೇರೆ ಯೋಚನೆ ಬೇಡ. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ಮುದ್ರಿಸಿದ ನಾಲ್ಕು ಭಾಗಗಳ ಕೃತಿ ಅದು. ಹೊಸಬರಿಗೆ ಇಡೀ ಕೃತಿ ಭಾರವೆನಿಸಿದರೆ ಕೊನೆಯ ಭಾಗವಾದ ‘ಸಾಮ್’ ಒಂದನ್ನೇ ಕೇಳಿಸಿ. ಕೋಲ್ಟ್ರೇನ್ ದೇವರಿಗೆ ಕೃತಜ್ಞತೆ ಹೇಳುವ ಒಂದು ಕವಿತೆ ಬರೆದು ಕವರಿನೊಳಗೆ ಅಚ್ಚು ಹಾಕಿಸಿದ್ದರು. ಈ ಭಾಗದಲ್ಲಿ ಅವರು ಆ ಕವಿತೆಯನ್ನು ಬಾಯಲ್ಲಿ ಹೇಳದೆ, ಪದ ಪದವನ್ನೂ ಸ್ಯಾಕ್ಸೊಫೋನಿನಲ್ಲಿ ನುಡಿಸುತ್ತಾರೆ. ಕವಿತೆಯ ಪ್ರತಿಯನ್ನು ಎಲ್ಲರ ಕೈಗೂ ಕೊಟ್ಟು, ಬೆರಳಿಟ್ಟು ಓದಿಕೊಂಡು ಕೇಳಲು ಹೇಳಿ. ಮಾತು ಎಲ್ಲಿ ನಿಲ್ಲುತ್ತದೋ ವಾದ್ಯವೂ ಅಲ್ಲೇ ಉಸಿರು ತೆಗೆದುಕೊಳ್ಳುವುದು ಹದಿಹರೆಯದ ಮಕ್ಕಳಿಗೂ ತಿಳಿಯುತ್ತದೆ.

ಸಾವಿನ ಕಥೆಯ ವಿಷಯದಲ್ಲಿ ನನ್ನ ಮಾತು ಇಷ್ಟೆ. ಕೊಡವರ ಮನೆಗಳಲ್ಲಿ ಸಾವನ್ನು ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ರೂಢಿ. ಆ ಸದ್ದಿನಲ್ಲಿ ಸುದ್ದಿ ಮುಗಿಯಿತು. ಹೋದವರಿಗಾಗಿ ಹಾಡುವ ಹಾಡು ಬೇರೆಯೇ ಇದೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಮದುವೆ, ಹಬ್ಬಗಳ ಹಾಡುಗಳ ಜೊತೆಗೆ ಸಾವಿನ ಹಾಡುಗಳೂ ಸೇರಿವೆ. ನೀವೂ ಹೆಸರು, ತಾರೀಖು ಹೇಳಿ ಸುದ್ದಿ ಮುಗಿಸಿ. ಉಳಿದದ್ದನ್ನು ಹಾಡಿಗೆ ಬಿಡಿ.

ಉತ್ತರ: ಸೋಮವಾರಪೇಟೆಯಿಂದ

ಮೇಲಿನ ಅಕ್ಕನವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಅಮೆರಿಕದ ಕರಿಯರ ಭಕ್ತಿಗೀತೆ, ಬ್ಲೂಸ್‌ಗಳಿಂದ ಹುಟ್ಟಿದ ಸೋಲ್ ಸಂಗೀತಕ್ಕೆ ಬಂದಾಗ ಕಥೆಯನ್ನು ಪೂರ್ತಿ ಬಿಡಲಾಗದು. ಯಾವ ಕಥೆ ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಮಾತ್ರ ಬೇಕು.

ಸ್ಯಾಮ್ ಕುಕ್ ಅವರ ‘ಎ ಚೇಂಜ್ ಇಸ್ ಗಾನಾ ಕಮ್’ ಹಾಡನ್ನು ತೆಗೆದುಕೊಳ್ಳಿ. 1963ರ ಅಕ್ಟೋಬರಿನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್ ನಗರದ ಮೋಟೆಲ್ ಒಂದರಲ್ಲಿ, ಮೊದಲೇ ಕೊಠಡಿ ಕಾದಿರಿಸಿದ್ದರೂ, ಕರಿಯರೆಂಬ ಕಾರಣಕ್ಕೆ ಅವರನ್ನೂ ಅವರ ಜೊತೆಯವರನ್ನೂ ಒಳಗೆ ಬಿಡಲಿಲ್ಲ. ಪ್ರತಿಭಟಿಸಿದ್ದಕ್ಕೆ ಪೊಲೀಸರು ಬಂಧಿಸಿದರು. ಕೆಲವೇ ತಿಂಗಳಲ್ಲಿ, 1964ರ ಜನವರಿಯಲ್ಲಿ, ಅವರು ಈ ಹಾಡನ್ನು ಮುದ್ರಿಸಿದರು. ಇದು ಹಾಡಿನ ಹುಟ್ಟಿನ ಕಥೆ, ಇದನ್ನು ಹೇಳಲೇಬೇಕು. ಅದೇ ವರ್ಷದ ಡಿಸೆಂಬರ್ 11ರಂದು ಅವರು ತೀರಿಕೊಂಡ ಬಗೆಯನ್ನು ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಒಂದು ಎಚ್ಚರಿಕೆ: ಅವರು ಹೋದ ಮೇಲೆ ಬಿಡಿ ರೆಕಾರ್ಡಾಗಿ ಬಂದ ಆವೃತ್ತಿಯಲ್ಲಿ, ಸಿನೆಮಾಗೆ ಹೋದರೆ, ಪೇಟೆಗೆ ಹೋದರೆ ಇಲ್ಲಿ ನಿಲ್ಲಬೇಡವೆಂದು ಯಾರೋ ಗದರುವ ಚರಣವನ್ನು ಕತ್ತರಿಸಿದ್ದಾರೆ. ಆ ಚರಣವಿಲ್ಲದೆ ಹಾಡಿನ ಬೆನ್ನೆಲುಬೇ ಇಲ್ಲ. ಆಲ್ಬಮ್ಮಿನಲ್ಲಿರುವ ಪೂರ್ಣ ಹಾಡನ್ನೇ ಹಾಕಿ.

ಓಟಿಸ್ ರೆಡಿಂಗ್ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. 1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಮೊನೋನಾ ಸರೋವರಕ್ಕೆ ಅವರ ಪುಟ್ಟ ವಿಮಾನ ಬಿದ್ದಾಗ ಅವರಿಗೆ 26 ವರ್ಷ. ಅವರಿಗೆ ಪಕ್ಕವಾದ್ಯ ನುಡಿಸುತ್ತಿದ್ದ ಬಾರ್-ಕೇಸ್ ತಂಡದ ನಾಲ್ವರು ಎಳೆಯ ವಾದ್ಯಗಾರರೂ ಅಂದೇ ಹೋದರು. ಕೆಲವೇ ದಿನಗಳ ಹಿಂದೆ ಮುದ್ರಿಸಿದ್ದ ‘ದ ಡಾಕ್ ಆಫ್ ದ ಬೇ’ 1968ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಗಾಯಕರು ತೀರಿಕೊಂಡ ಮೇಲೆ ಹಾಗೆ ಮೊದಲ ಸ್ಥಾನಕ್ಕೇರಿದ ಮೊತ್ತಮೊದಲ ಹಾಡು ಅದು. ಈ ಕಥೆ ಮೊದಲು ಕಿವಿಗೆ ಬಿದ್ದರೆ ಕೇಳುಗರು ಹಾಡಿನುದ್ದಕ್ಕೂ ಸಾವಿನ ಮುನ್ಸೂಚನೆಯನ್ನೇ ಹುಡುಕುತ್ತಾರೆ. ಆದರೆ ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿ, ನೀರಿನ ಮೇಲಿನ ಮನೆಯೊಂದರಲ್ಲಿ ಉಳಿದುಕೊಂಡಿದ್ದಾಗ ಆ ಹಾಡನ್ನು ಬರೆಯಲು ತೊಡಗಿದ ಓಟಿಸ್ ವಿದಾಯ ಹೇಳುತ್ತಿರಲಿಲ್ಲ. ಗಂಟಲು ಬಿರಿಯುವಂತೆ ಹಾಡುತ್ತಿದ್ದವರು ತಮ್ಮ ದನಿಯನ್ನು ತಗ್ಗಿಸಿ, ಹೊಸ ಬಗೆಯ ಹಾಡುಗಾರಿಕೆಗೆ ಕಾಲಿಡುತ್ತಿದ್ದರು. ಅಲೆಗಳ ಸದ್ದು, ಕಡಲಹಕ್ಕಿಗಳ ಕೂಗನ್ನು ಹಾಡಿಗೆ ಸೇರಿಸಿದ್ದು ಅವರ ಜೊತೆ ಹಾಡನ್ನು ರಚಿಸಿದ ಗಿಟಾರ್ ವಾದಕ ಸ್ಟೀವ್ ಕ್ರಾಪರ್, ಅದೂ ಓಟಿಸ್ ಹೋದ ಮೇಲೆ, ದುಃಖದ ನಡುವೆ ಕುಳಿತು.

ಅಕ್ಕನವರು ಹೇಳಿದ ದಾರಿ ಇಲ್ಲೂ ಇದೆ. ಸ್ಯಾಮ್ ಹೋದ ಮರುವರ್ಷ, 1965ರಲ್ಲಿ, ಓಟಿಸ್ ತಮ್ಮ ‘ಓಟಿಸ್ ಬ್ಲೂ’ ಆಲ್ಬಮ್ಮಿನಲ್ಲಿ ಸ್ಯಾಮ್ ಅವರ ಮೂರು ಹಾಡುಗಳನ್ನು ಹಾಡಿದರು. ‘ಚೇಂಜ್’ ಅವುಗಳಲ್ಲಿ ಒಂದು. ಅದೇ ಆಲ್ಬಮ್ಮಿನಲ್ಲಿದ್ದ ಓಟಿಸ್ ಅವರ ಸ್ವಂತ ಹಾಡು ‘ರೆಸ್ಪೆಕ್ಟ್’ ಅನ್ನು 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಹೆಣ್ಣಿನ ಹಕ್ಕೊತ್ತಾಯವಾಗಿ ತಿರುಗಿಸಿ ಹಾಡಿದರು. ಅಷ್ಟೇ ಅಲ್ಲ, ಅದೇ ಆಲ್ಬಮ್ಮಿನಲ್ಲಿ ಸ್ಯಾಮ್ ಅವರ ‘ಚೇಂಜ್’ ಅನ್ನೂ ಹಾಡುತ್ತ, ಹಳೆಯ ಗೆಳೆಯನೊಬ್ಬ ಹಿಂದೆ ಹೇಳಿದ ಮಾತಿದು ಎಂಬರ್ಥದ ಹೊಸ ಸಾಲುಗಳನ್ನು ಮೊದಲಿಗೆ ಸೇರಿಸಿದರು. 2018ರ ಆಗಸ್ಟ್ 16ರಂದು ಅರೀಥಾ ಅವರೂ ಹೋದರು. ಒಂದೇ ಹಾಡನ್ನು ಮೂವರ ಕಂಠದಲ್ಲಿ ಒಂದರ ಹಿಂದೊಂದು ಕೇಳಿಸಿದರೆ ಅದಕ್ಕಿಂತ ಹೆಚ್ಚಿನ ಭಾಷಣ ಬೇಕಾಗುವುದಿಲ್ಲ.

ಮಾರ್ವಿನ್ ಗೇ ಅವರನ್ನು ಸೇರಿಸುವುದಾದರೆ 1984ರಲ್ಲಿ ಸ್ವಂತ ತಂದೆಯ ಗುಂಡಿಗೆ ಅವರು ಬಲಿಯಾದ ಸಂಗತಿಯನ್ನು ದಯವಿಟ್ಟು ಮೊದಲು ಹೇಳಬೇಡಿ. ಹೇಳಿದರೆ 1971ರ ‘ವಾಟ್ಸ್ ಗೋಯಿಂಗ್ ಆನ್’ ಹಾಡಿನ ತಳದಲ್ಲಿ ಹರಿಯುವ ಜೇಮ್ಸ್ ಜೇಮರ್ಸನ್ ಅವರ ಬಾಸ್ ಗಿಟಾರನ್ನು ಯಾರೂ ಗಮನಿಸುವುದಿಲ್ಲ. ಮೋಟೌನ್ ಎಂಬ ರೆಕಾರ್ಡ್ ಸಂಸ್ಥೆ ತನ್ನ ವಾದ್ಯಗಾರರ ಹೆಸರುಗಳನ್ನು ಕವರಿನ ಮೇಲೆ ಅಚ್ಚು ಹಾಕಿದ್ದು ಆ ಆಲ್ಬಮ್ಮಿನಿಂದ. ನಿಮ್ಮ ದೊಡ್ಡಪ್ಪನವರ ಪೆನ್ಸಿಲಿಗೆ ಅಲ್ಲಿ ಕೆಲಸವಿದ್ದಿರಬೇಕು.

ಉತ್ತರ: ಗೋಣಿಕೊಪ್ಪಲಿನಿಂದ

ಅಕ್ಕಾ, ನಾನು ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಬೂಷ್ಟಿನ ವಿಷಯ ಹೇಳುತ್ತೇನೆ. ಬೂಷ್ಟು ಹಿಡಿದ ರೆಕಾರ್ಡನ್ನು ತೊಳೆಯದೆ ಖಂಡಿತ ನುಡಿಸಬೇಡಿ. ಮುಳ್ಳು ಅದನ್ನು ಗೆರೆಗಳೊಳಗೆ ಅರೆದುಬಿಡುತ್ತದೆ. ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ತೊಟ್ಟು ಮಾತ್ರ ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆಗಳು ಸಾಗುವ ದಿಕ್ಕಿನಲ್ಲೇ ಒರೆಸಿ, ಆಮೇಲೆ ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ. ನಡುವಿನ ಲೇಬಲ್ ನೆನೆಯದಂತೆ ನೋಡಿಕೊಳ್ಳಿ. ಬೀರುವಿನಲ್ಲಿ 78 ವೇಗದ ಹಳೆಯ ಅರಗಿನ ತಟ್ಟೆಗಳೇನಾದರೂ ಇದ್ದರೆ ಅವುಗಳಿಗೆ ಸ್ಪಿರಿಟ್ ತಾಗಿಸಲೇಬಾರದು, ಅರಗು ಕರಗುತ್ತದೆ. ಒಳಗಿನ ಕಾಗದದ ಚೀಲಗಳಿಗೂ ಬೂಷ್ಟು ಇರುತ್ತದೆ, ಆದ್ದರಿಂದ ಅವನ್ನು ಬದಲಿಸಿ. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿಡಿ, ಮಳೆ ಹೊಡೆಯುವ ಗೋಡೆಗೆ ತಾಗಿಸಬೇಡಿ. ಬೆಚ್ಚಗಿರಲೆಂದು ಒಲೆಯ ಹತ್ತಿರ ಇಟ್ಟರೆ ಸೊಟ್ಟಗಾಗುತ್ತವೆ.

ಟರ್ನ್‌ಟೇಬಲ್ಲಿನ ರಬ್ಬರ್ ಬೆಲ್ಟನ್ನೂ ನೋಡಿಸಿ. ಹಳೆಯ ಬೆಲ್ಟ್ ಸಡಿಲವಾದರೆ ತಟ್ಟೆ ನಿಧಾನವಾಗಿ ತಿರುಗಿ ಶ್ರುತಿ ಇಳಿಯುತ್ತದೆ. ವೇಗದ ಮಾತು ಬಂದದ್ದರಿಂದ ‘ಕೈಂಡ್ ಆಫ್ ಬ್ಲೂ’ ಬಗ್ಗೆ ಒಂದು ಸಂಗತಿ ಹೇಳಬೇಕು. ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೊದಲ್ಲಿ 1959ರ ಮಾರ್ಚ್ 2ರಂದು ಮೊದಲ ಸುತ್ತಿನ ಧ್ವನಿಮುದ್ರಣ ನಡೆದಾಗ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತು. ನಿಧಾನವಾಗಿ ಮುದ್ರಿತವಾದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ತುಸು ಏರಿತು. ಹೀಗೆ ರೆಕಾರ್ಡಿನ ಮೊದಲ ಬದಿಯ ಮೂರೂ ರಚನೆಗಳನ್ನು ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ತಪ್ಪು ಶ್ರುತಿಯಲ್ಲೇ ಕೇಳಿತು. ಅಂದು ಇನ್ನೊಂದು ಯಂತ್ರದಲ್ಲಿ ತೆಗೆದಿಟ್ಟ ಟೇಪಿನ ನೆರವಿನಿಂದ 1990ರ ದಶಕದಲ್ಲಿ ಅದನ್ನು ಸರಿಪಡಿಸಲಾಯಿತು. ನಿಮ್ಮದು ಹಳೆಯ ಅಚ್ಚಾಗಿದ್ದರೆ ಅದರ ಜೊತೆಗೆ ಕೊಳಲೋ ಹಾರ್ಮೋನಿಯಮ್ಮೋ ನುಡಿಸಲು ಯಾರೂ ಪ್ರಯತ್ನಿಸಬೇಡಿ. ಮಿಕ್ಕಂತೆ ಹಳೆಯದನ್ನೇ ಕೇಳಿಸಿ, ದೊಡ್ಡಪ್ಪ ಕೇಳಿದ್ದು ಅದನ್ನೇ ಅಲ್ಲವೇ.

ಆದರೆ ಜುಲೈಯಲ್ಲಿ ಬೇಡ. ಅದರ ಮೊದಲ ರಚನೆ ‘ಸೋ ವಾಟ್’ ಪಿಯಾನೊ ಮತ್ತು ಬಾಸ್‌ಗಳ ಬಹಳ ಮೆಲುವಾದ ಆಲಾಪದಂಥ ಮಾತುಕತೆಯಿಂದ ಹೊರಡುತ್ತದೆ. ನಮ್ಮ ಕಡೆ ಜುಲೈ ನಡುವಿನಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಗೆ ಅದರಲ್ಲಿ ಒಂದು ಸ್ವರವೂ ಕೇಳುವುದಿಲ್ಲ. ಮೈಲ್ಸ್ ತಮ್ಮ ಸರದಿ ಶುರು ಮಾಡುವ ಗಳಿಗೆಯಲ್ಲಿ ಜಿಮ್ಮಿ ಕಾಬ್ ತಾಳದ ತಟ್ಟೆಗೆ ಕೊಟ್ಟ ಒಂದು ಹೊಡೆತವಿದೆ. ಅದು ಝಣ್ಣೆಂದು ಎದ್ದು, ಮೈಲ್ಸ್ ನುಡಿಸುತ್ತಿರುವಾಗಲೂ ಹಿಂದೆ ಉಳಿದು, ಮೆಲ್ಲಗೆ ಕರಗುತ್ತದೆ. ಅದನ್ನು ಕೇಳಬೇಕಾದರೆ ಮಾಡು ಸುಮ್ಮನಿರುವ ತಿಂಗಳು ಬೇಕು.

ಉತ್ತರ: ಬೆಂಗಳೂರಿನಿಂದ (ಮೂಲ ಸುಂಟಿಕೊಪ್ಪ)

ಗೋಣಿಕೊಪ್ಪಲಿನ ಸಹೋದರರು ಹೇಳಿದ್ದಕ್ಕೆ ತಕ್ಕ ದಿನವೊಂದು ಸಿದ್ಧವಾಗಿಯೇ ಇದೆ. ಜಿಮ್ಮಿ ಕಾಬ್ ತೀರಿಕೊಂಡದ್ದು 2020ರ ಮೇ 24ರಂದು. ಡ್ಯೂಕ್ ಎಲಿಂಗ್ಟನ್ 1974ರಲ್ಲಿ ತೀರಿಕೊಂಡದ್ದೂ ಮೇ 24ರಂದೇ. ಮುಂಗಾರು ಹಿಡಿಯುವುದಕ್ಕೆ ಮೊದಲು ಆ ಸಂಜೆಯನ್ನು ಅವರಿಬ್ಬರಿಗೆ ಮೀಸಲಿಡಬಹುದು.

ಎಲಿಂಗ್ಟನ್ ಅವರ ಸಾವಿರಾರು ರಚನೆಗಳಲ್ಲಿ ನೆನಪಿನ ಸಂಜೆಗೆ ನಾನು ಆರಿಸುವುದು ಒಂದೇ ಆಲ್ಬಮ್: ಸುಮಾರು ಮೂರು ದಶಕಗಳ ಕಾಲ ಜೊತೆಗಿದ್ದು ರಚನೆ ಮಾಡಿದ ಬಿಲ್ಲಿ ಸ್ಟ್ರೇಹಾರ್ನ್ 1967ರ ಮೇ 31ರಂದು ಕ್ಯಾನ್ಸರಿನಿಂದ ಹೋದಾಗ, ಅದೇ ವರ್ಷ ಮುದ್ರಿಸಿದ ‘ಅಂಡ್ ಹಿಸ್ ಮದರ್ ಕಾಲ್ಡ್ ಹಿಮ್ ಬಿಲ್’. ಎಲ್ಲವೂ ಸ್ಟ್ರೇಹಾರ್ನ್ ಅವರ ರಚನೆಗಳೇ. ಆಸ್ಪತ್ರೆಯ ಹಾಸಿಗೆಯಲ್ಲಿದ್ದು ಅವರು ಮುಗಿಸಿದ ‘ಬ್ಲಡ್ ಕೌಂಟ್’ ಅದರಲ್ಲಿದೆ, ಜಾನಿ ಹಾಜಸ್ ಅವರ ಸ್ಯಾಕ್ಸೊಫೋನಿನಲ್ಲಿ. ಇನ್ನೊಂದನ್ನು ತಪ್ಪದೆ ಕೇಳಿಸಿ. ಧ್ವನಿಮುದ್ರಣ ಮುಗಿದು ವಾದ್ಯಗಾರರು ತಮ್ಮ ವಾದ್ಯಗಳನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದಾಗ ಎಲಿಂಗ್ಟನ್ ಒಬ್ಬರೇ ಪಿಯಾನೊ ಮುಂದೆ ಕುಳಿತು ಗೆಳೆಯನ ‘ಲೋಟಸ್ ಬ್ಲಾಸಮ್’ ನುಡಿಸತೊಡಗಿದರು; ಯಂತ್ರ ಇನ್ನೂ ಓಡುತ್ತಿತ್ತು. ಮೊದಮೊದಲು ಹಿಂದೆ ಮಾತು, ಸಾಮಾನಿನ ಸದ್ದು ಕೇಳಿಸುತ್ತದೆ. ನುಡಿಸುತ್ತ ಹೋದಂತೆ ಒಬ್ಬೊಬ್ಬರಾಗಿ ಮಾತು ನಿಲ್ಲಿಸುತ್ತಾರೆ.

ನಿಮ್ಮ ದೊಡ್ಡಪ್ಪನವರಿಗೆ ಸ್ಟ್ರೇಹಾರ್ನ್ ಅಪರಿಚಿತರಾಗಿರಲಿಲ್ಲ. ಕೊನೋವರ್ ಅವರ ಕಾರ್ಯಕ್ರಮ ಆರಂಭವಾಗುತ್ತಿದ್ದ ‘ಟೇಕ್ ದ ಎ ಟ್ರೇನ್’ ಅವರದೇ ರಚನೆ.

ನಮ್ಮ ನಾಡಿನವರನ್ನೂ ಬಿಡಬೇಡಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ನಮ್ಮನ್ನಗಲಿದರು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಡನೆ ಅವರು ನುಡಿಸಿದ, 2008ರಲ್ಲಿ ಹೊರಬಂದ ‘ಕಿನ್ಸ್‌ಮೆನ್’ ಕೇಳಿದರೆ ಗಮಕ ಬಲ್ಲ ಕಿವಿಗಳಿಗೆ ಜಾಝ್ ಅಷ್ಟೇನೂ ದೂರದ್ದಲ್ಲವೆಂದು ಗೊತ್ತಾಗುತ್ತದೆ. ಹಾಗೆಯೇ 2009ರಲ್ಲಿ ತೀರಿಕೊಂಡ ಚಾರ್ಲಿ ಮರಿಯಾನೊ ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಡನೆ 1983ರಲ್ಲಿ ಮಾಡಿದ ‘ಜ್ಯೋತಿ’ಯಲ್ಲಿ ಆರ್. ಎ. ರಮಾಮಣಿಯವರ ಕಂಠ, ಮೃದಂಗ, ಘಟ, ಖಂಜಿರಗಳ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ಎಲ್ಲೂ ಅತಿಥಿಯಂತೆ ಕೇಳಿಸುವುದಿಲ್ಲ. ದುಡಿ ಮತ್ತು ವಾಲಗ ಕೇಳಿ ಬೆಳೆದ ಹಿರಿಯರಿಗೆ ಇದರಿಂದ ಆರಂಭಿಸುವುದೇ ಸುಲಭವಾದೀತು.

ಮರುಉತ್ತರ: ಪೊನ್ನಂಪೇಟೆಯಿಂದ

ಎಲ್ಲರಿಗೂ ಮನಸಾರೆ ವಂದನೆಗಳು. ದೊಡ್ಡಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಜುಲೈ 17ರ ಸಂಜೆ ಮೊದಲು ‘ಜ್ಯೋತಿ’ಯ ಒಂದು ಭಾಗ, ಆಮೇಲೆ ‘ಫೈನ್ ಅಂಡ್ ಮೆಲ್ಲೋ’ ಚಿತ್ರಿಕೆ, ಮಿಂಗಸ್, ಕೊನೆಗೆ ಕವಿತೆಯ ಪ್ರತಿಯೊಂದಿಗೆ ‘ಸಾಮ್’ ಎಂದು ನಿಶ್ಚಯಿಸಿದ್ದೇವೆ. ಕರೆಂಟು ಹೋದರೆ ಇನ್ವರ್ಟರ್ ಇದೆ. ಮಳೆಯ ಸದ್ದಿಗೆ ಕಿಟಕಿಗಳನ್ನು ಮುಚ್ಚಿ, ಸ್ಪೀಕರುಗಳನ್ನು ನಡುಮನೆಗೆ ತರುತ್ತೇವೆ. ಡಿಸೆಂಬರ್ 10, 11 ಅರೇಬಿಕಾ ಕುಯ್ಲಿನ ದಿನಗಳಾದ್ದರಿಂದ ಸ್ಯಾಮ್, ಓಟಿಸ್, ಅರೀಥಾ ಅವರ ಸಂಜೆಯನ್ನು ಅದಕ್ಕೆ ಹತ್ತಿರದ ಭಾನುವಾರಕ್ಕೆ ಇಟ್ಟುಕೊಳ್ಳುತ್ತೇವೆ. ಆಗ ತೋಟದ ಕೆಲಸದವರೂ ಬರಬಹುದು, ಪುತ್ತರಿಗೆ ಬಂದ ನೆಂಟರಲ್ಲಿ ಕೆಲವರಾದರೂ ಉಳಿದಿರುತ್ತಾರೆ. ‘ಕೈಂಡ್ ಆಫ್ ಬ್ಲೂ’ ಮುಂದಿನ ಮೇ 24ಕ್ಕೆ.

ಬೀರುವಿನಲ್ಲಿ ‘ಓಟಿಸ್ ಬ್ಲೂ’ ಇದೆ, ಅರೀಥಾ ಅವರ 1967ರ ಆಲ್ಬಮ್ಮೂ ಇದೆ. ಎಲಿಂಗ್ಟನ್ ಅವರು ಸ್ಟ್ರೇಹಾರ್ನ್ ನೆನಪಿಗೆ ಮಾಡಿದ ರೆಕಾರ್ಡ್ ಮಾತ್ರ ಸಿಗಲಿಲ್ಲ. ಕೊಡಗಿನಲ್ಲಿ ಅಥವಾ ಮೈಸೂರಿನಲ್ಲಿ ಯಾರ ಬಳಿಯಾದರೂ ಅದರ ಎಲ್‌ಪಿ ಇದ್ದು, ಮೇ ತಿಂಗಳ ಆ ಒಂದು ಸಂಜೆಗೆ ಕೊಡುವ ಮನಸ್ಸಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗಿ, ಮರುದಿನ ಜೋಪಾನವಾಗಿ ತಲುಪಿಸುತ್ತೇನೆ.